ದಿಮ್ಮಿ ಹೇಳಿದ ಪಿಚ್ಚು

ಪ್ರೊಪೆಲ್ಲರಿನ ಬುಡದಲ್ಲಿ ಹದಿಮೂರು ಎಂಬ ಅಂಕಿ ಕಂಡ ಕೂಡಲೇ ನನಗೆ ರೇಗಿತು. ಕಾಫಿ ಕಣದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಸೀಮೆಎಣ್ಣೆ ಬಟ್ಟೆಯಿಂದ ಹಳೆಯ ಗ್ರೀಸು ಉಜ್ಜಿ ಉಜ್ಜಿ ತೆಗೆದ ಮೇಲೆ ಕಂಡ ಅಂಕಿ ಅದು.

"ಯಾರು ಅಮ್ಮಾವ್ರೇ ಇದನ್ನ ಹಾಕ್ಸಿದ್ದು?"

"ನಮ್ಮಣ್ಣ," ಎಂದರು. "ಅವ್ನಿಗೆ ಎಲ್ಲಾದ್ರಲ್ಲೂ ದೊಡ್ಡ ನಂಬರೇ ಆಗ್ಬೇಕಿತ್ತು. ಯಾಕೆ ಸಾಬ್ರೇ, ತಪ್ಪಾ?"

"ತಪ್ಪೋ ಸರಿಯೋ ನೀರಿಗೆ ಇಳಿಸಿದ್ಮೇಲೆ ಹೇಳ್ತೀನಿ," ಎಂದೆ. ತಪ್ಪೇ ಇರಬೇಕು ಎಂದು ಮನಸ್ಸು ಆಗಲೇ ಹೇಳುತ್ತಿತ್ತು.

ಅಮ್ಮಾವ್ರು ಗೋಣಿಬೀಡಿನ ಆಚೆಗಿನ ಒಂದು ಎಸ್ಟೇಟಿನ ಒಡತಿ, ಅರವತ್ತರ ಹತ್ತಿರದವರು. ನಾನು ಮೂಡಿಗೆರೆಯಲ್ಲಿ ಸ್ಪ್ರೇಯರು, ಕಳೆ ಕೊಚ್ಚುವ ಮಿಷಿನ್ನು, ಪಂಪು ರಿಪೇರಿ ಮಾಡುವವನು. ಟೂ ಸ್ಟ್ರೋಕ್ ಎಂಜಿನ್ ಯಾವುದಾದರೂ ತನ್ನಿ, ನಾನು ನೋಡಿಕೊಳ್ಳುತ್ತೇನೆ ಎಂದು ಅಂಗಡಿಗೆ ಬಂದವರಿಗೆಲ್ಲ ಜಂಬ ಕೊಚ್ಚುವ ಚಾಳಿ ನನಗಿದೆ. ಅದನ್ನು ನಂಬಿಕೊಂಡೇ ಅವರು ಕರೆಸಿದ್ದು. ಹದಿನಾಲ್ಕು ಅಡಿಯ ಫೈಬರ್ ಬೋಟು, ಅದರ ಬೆನ್ನಿಗೆ ತೂಗುಹಾಕಿದ ನಲವತ್ತು ಎಚ್‌ಪಿ ಎಂಜಿನ್ನು. ಅವರ ತಂದೆ ಕರಾವಳಿಯಿಂದ ಕೊಂಡು ಚಾರ್ಮಾಡಿ ಘಾಟಿ ಹತ್ತಿಸಿ ತಂದದ್ದು. ಎಸ್ಟೇಟಿನ ಎರಡು ಗುಡ್ಡಗಳ ನಡುವೆ ಕಟ್ಟೆ ಹಾಕಿ ನಿಲ್ಲಿಸಿದ ಉದ್ದನೆಯ ಕೆರೆಯಲ್ಲಿ ಒಂದು ಕಾಲಕ್ಕೆ ಅದು ಓಡಾಡಿಕೊಂಡಿತ್ತು. ಆಮೇಲೆ ಬಹಳ ವರ್ಷ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹಿಂದೆ ಗೋಣಿಚೀಲದ ರಾಶಿಯಡಿ ಬಿದ್ದಿತ್ತು.

ಕಾರ್ಬ್ಯುರೇಟರ್ ಬಿಚ್ಚಿ ತೊಳೆದಿದ್ದೆ, ನೀರು ಎಳೆಯುವ ರಬ್ಬರ್ ರೆಕ್ಕೆ ಬದಲಿಸಿದ್ದೆ, ಎಂಜಿನ್ ಎರಡನೇ ಎಳೆತಕ್ಕೇ ಶುರುವಾಗಿತ್ತು. ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಆಗ ಅಮ್ಮಾವ್ರು ಒಳಗಿನಿಂದ ಎರಡು ಉದ್ದನೆಯ ಮರದ ಹಲಗೆ ತಂದು ಜಗಲಿಗೆ ಒರಗಿಸಿದರು. ಒಂದೊಂದು ಹಲಗೆಯ ಮಧ್ಯದಲ್ಲೂ ಕಾಲು ತೂರಿಸಲು ರಬ್ಬರಿನ ಪಟ್ಟಿ.

"ಇದನ್ನ ಕಾಲಿಗೆ ಹಾಕ್ಕೊಂಡು ಬೋಟಿನ ಹಗ್ಗ ಹಿಡ್ಕೊಂಡ್ರೆ ನೀರ ಮೇಲೆ ನಿಂತು ಹೋಗ್ಬೋದು ಸಾಬ್ರೇ. ವಾಟರ್ ಸ್ಕೀ ಅಂತಾರೆ. ಮದ್ವೆಗೆ ಮುಂಚೆ ನಾನು ಈ ಕೆರೆ ತುಂಬಾ ಹೋಗ್ತಿದ್ದೆ. ಒಂದ್ಸಲ ಹೋಗ್ಬೇಕು."

ನಾನು ಅವರ ಕಾಲು ನೋಡಿದೆ. ಎಡ ಮಂಡಿಗೆ ಬಿಗಿಯಾದ ಪಟ್ಟಿ, ಕೈಯಲ್ಲಿ ಊರುಗೋಲು. ತಿಂಗಳ ಕೊನೆಗೆ ಮಂಗಳೂರಿನಲ್ಲಿ ಮಂಡಿ ಬದಲಿಸುವ ಆಪರೇಶನ್ನು ಎಂದು ಅವರೇ ಹೇಳಿದ್ದರು.

"ಡಾಕ್ಟರ್ ಏನಂತಾರೆ?"

"ಕೇಳಿದ್ರೆ ಬೇಡ ಅಂತಾರೆ. ಅದಕ್ಕೇ ಕೇಳ್ಲಿಲ್ಲ. ಬೇರೆ ಮಂಡಿ ಹಾಕಿದ್ಮೇಲೆ ಇದೆಲ್ಲ ಮುಗೀತು. ಇರೋದು ಈ ವಾರ ಅಷ್ಟೇ."

ಈ ವಾರ ಎಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ರೊಬಸ್ಟಾ ಗಿಡಗಳಲ್ಲಿ ಮೊಗ್ಗು ಬಲಿತು ನಿಂತಿತ್ತು, ಹೂಮಳೆಯ ಸುಳಿವಿರಲಿಲ್ಲ. ಸೋಮವಾರ ಸ್ಪ್ರಿಂಕ್ಲರ್ ಪಂಪು ಶುರುಮಾಡಲೇಬೇಕು. ಪಂಪು ಶುರುವಾದರೆ ಕೆರೆ ದಿನದಿನಕ್ಕೆ ಇಳಿದು, ತಳದಲ್ಲಿ ಮುಳುಗಿರುವ ಹಳೆಯ ಮರದ ಬೊಡ್ಡೆಗಳು ಬೋಟಿನ ಹೊಟ್ಟೆಗೆ ತಾಗುವಷ್ಟು ಹತ್ತಿರ ಬರುತ್ತವೆ. ಬೆಳೆಗೆ ನೀರು ತಡಮಾಡುವ ಮಾತು ಅವರು ಒಮ್ಮೆಯೂ ಎತ್ತಲಿಲ್ಲ. ಹಾಗಾಗಿ ನಮಗಿದ್ದದ್ದು ಭಾನುವಾರದ ತನಕ.

ಮೊದಲ ಸಲ ಬೋಟು ನೀರಿಗೆ ಇಳಿಸಿದಾಗ ಸ್ಟೀರಿಂಗ್ ಹಿಡಿದವನು ಎಸ್ಟೇಟಿನ ಜೀಪು ಡ್ರೈವರ್. ಅಮ್ಮಾವ್ರ ಅಣ್ಣನ ಕಾಲದಲ್ಲೇ ಬೋಟು ಓಡಿಸಲು ಕಲಿತಿದ್ದ, ಇಲ್ಲದಿದ್ದರೆ ಸಿಲ್ವರ್ ಓಕ್ ದಿಮ್ಮಿಗಳನ್ನು ಜೀಪಿನ ಹಿಂದೆ ಕಟ್ಟಿ ಗುಡ್ಡದಿಂದ ಎಳೆದು ತರುವುದು ಅವನ ಕೆಲಸ. ನಾನು ಪಕ್ಕದಲ್ಲಿ ಕೂತು ಸುತ್ತು ತೋರಿಸುವ ಮೀಟರ್ ನೋಡುತ್ತಿದ್ದೆ. ಈ ಎಂಜಿನ್ನು ಥ್ರಾಟಲ್ ಪೂರ್ತಿ ಕೊಟ್ಟಾಗ ನಿಮಿಷಕ್ಕೆ ಐದು ಸಾವಿರದಿಂದ ಐದೂವರೆ ಸಾವಿರ ಸುತ್ತಬೇಕು. ಮುಳ್ಳು ನಾಲ್ಕು ಸಾವಿರದ ಆರುನೂರರಲ್ಲಿ ನಿಂತುಬಿಟ್ಟಿತು. ಎಷ್ಟು ಒತ್ತಿದರೂ ಮೇಲೆ ಹೋಗಲಿಲ್ಲ.

"ಎಂಜಿನ್ ಮುದಿಯಾಯ್ತಾ ಮಾರಾಯ?" ಎಂದ ಡ್ರೈವರ್.

"ಎಂಜಿನ್ ಅಲ್ಲ ಮಾರಾಯ, ಗೇರು. ನೀನು ಚಾರ್ಮಾಡಿ ಘಾಟೀಲಿ ಟಾಪ್ ಗೇರಲ್ಲಿ ಹತ್ತಿಸ್ತೀಯಾ?"

ಪಿಚ್ ಎಂದರೆ ಇಷ್ಟೇ. ಪ್ರೊಪೆಲ್ಲರು ಸ್ಕ್ರೂವಿನಂತೆ ಏನೂ ಜಾರದೆ ತಿರುಗಿದರೆ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಎಂಬ ಲೆಕ್ಕ. ಹದಿಮೂರು ಅಂದರೆ ಹದಿಮೂರು ಇಂಚು. ಅಂಕಿ ದೊಡ್ಡದಾದಷ್ಟೂ ಪ್ರತಿ ಸುತ್ತಿಗೆ ಎಂಜಿನ್ನು ಹೆಚ್ಚು ನೀರನ್ನು ತಳ್ಳಬೇಕು, ಏದುಸಿರು ಬಿಡಬೇಕು. ಅದರ ಮೇಲೆ ನಮ್ಮದು ಘಟ್ಟದ ಮೇಲಿನ ಊರು. ಗಾಳಿ ತೆಳುವಾದ್ದರಿಂದ ಕಡಲ ಮಟ್ಟದಲ್ಲಿದ್ದ ಕಸುವು ಇಲ್ಲಿ ಎಂಜಿನ್ನಿಗೆ ಸಿಗುವುದಿಲ್ಲ. ಹಳೆಯ ಎಂಜಿನ್ನಾದರೆ ಕೇಳುವುದೇ ಬೇಡ.

ಇಷ್ಟನ್ನು ನಾನು ವಿವರಿಸುತ್ತಿದ್ದಂತೆಯೇ ಅಮ್ಮಾವ್ರು ಲೈಫ್ ಜಾಕೆಟ್ ಹಾಕಿಕೊಂಡು ನೀರಿಗೆ ಇಳಿದಿದ್ದರು. ಬೇಡ ಎಂದರೂ ಕೇಳಲಿಲ್ಲ. ಹಲಗೆಗಳ ತುದಿ ನೀರಿನ ಮೇಲೆ ಇಣುಕಿತು, ಮಂಡಿ ಎದೆಗೆ ಮಡಚಿ ಕೂತು ಹಗ್ಗದ ಹಿಡಿ ಹಿಡಿದು ಹೊರಡಿ ಎಂದು ಕೂಗಿದರು. ಡ್ರೈವರ್ ಥ್ರಾಟಲ್ ಪೂರ್ತಿ ಕೊಟ್ಟ. ಎಂಜಿನ್ನು ಗೊರಗೊರ ಎಂದು ಒದ್ದಾಡಿತು. ಬೋಟಿನ ಮೂತಿ ಆಕಾಶ ನೋಡಿತೇ ಹೊರತು ವೇಗ ಬರಲಿಲ್ಲ. ಅಮ್ಮಾವ್ರು ಮಡಚಿದ ಮಂಡಿಯಲ್ಲೇ ನೀರನ್ನು ಸೀಳಿಕೊಂಡು ಬಂದರು, ಬಂದರು, ಮುಖಕ್ಕೆಲ್ಲ ನೀರು ರಾಚುತ್ತಿತ್ತು, ಕೊನೆಗೆ ಕೈಬಿಟ್ಟರು. ಎತ್ತಿ ಬೋಟಿಗೆ ಹಾಕಿಕೊಂಡಾಗ ಮುಖ ಬಿಳಿಚಿತ್ತು.

"ಮೇಲೆ ಎದ್ಬಿಟ್ರೆ ನೋವಿಲ್ಲ ಸಾಬ್ರೇ," ಎಂದರು ಹಲ್ಲು ಕಚ್ಚಿ. "ಆ ಮಡಚ್ಕೊಂಡು ಕೂರೋದೇ ತಡಿಯಕ್ಕಾಗಲ್ಲ. ಅಪ್ಪ ಇದ್ದಾಗ ಒಂದೇ ಸಲಕ್ಕೆ ಎತ್ತಿಬಿಡೋದು ಈ ಬೋಟು."

ಅಲ್ಲಿಗೆ ನನಗೆ ಕೆಲಸ ಏನೆಂದು ಪೂರ್ತಿ ಅರ್ಥವಾಯಿತು. ನಾನು ಸರಿಮಾಡಬೇಕಾದದ್ದು ಬೋಟಿನ ವೇಗವನ್ನಲ್ಲ, ಅವರು ಮಂಡಿ ಮಡಚಿ ಕೂರುವ ಆ ಹೊತ್ತನ್ನು. ಅದು ಎಷ್ಟು ಕಮ್ಮಿಯಾದರೆ ಅಷ್ಟು ಒಳ್ಳೆಯದು. ಪಿಚ್ ಇಳಿಸಬೇಕು ಎಂಬುದು ಖಚಿತ. ಎಷ್ಟು ಇಳಿಸಬೇಕು ಎಂಬುದೇ ಪ್ರಶ್ನೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ಗುಂಗು. ನಿಜ ಹೇಳುತ್ತೇನೆ, ಅಷ್ಟು ಹುರುಪು ನನಗೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ. ಸ್ಪ್ರೇಯರ್ ನಾಝಲ್ ಚುಚ್ಚಿ ಚುಚ್ಚಿ ಬೇಸತ್ತವನಿಗೆ ದೇವರು ಒಂದು ಬೋಟು ಕೊಟ್ಟಿದ್ದ.

ಮಾರನೆಯ ದಿನ ಡ್ರೈವರ್ ಉಪಾಯ ಹೇಳಿದ.

"ಅಮ್ಮಾವ್ರನ್ನ ಮತ್ತೆ ಮತ್ತೆ ನೀರಿಗೆ ಇಳ್ಸಕ್ಕಾಗಲ್ಲ. ಒಂದು ದಿಮ್ಮಿ ಕಟ್ಟಿ ಎಳ್ಸಣ. ತಾಕತ್ತು ಎಷ್ಟಿದೆ ಗೊತ್ತಾಗ್ತದೆ."

ನನಗೆ ಅದು ಬಹಳ ಸರಿ ಎನಿಸಿತು. ನಮ್ಮ ಕಡೆ ಎಳೆಯುವ ಯಾವ ವಾಹನಕ್ಕಾದರೂ ಪರೀಕ್ಷೆ ಎಂದರೆ ದಿಮ್ಮಿಯೇ. ಜೀಪಿಗೆ ಹೊಸ ಎಂಜಿನ್ ಕೂರಿಸಿದರೆ ದಿಮ್ಮಿ, ಸೆಕೆಂಡ್ ಹ್ಯಾಂಡ್ ಜೀಪು ಕೊಳ್ಳಲು ಹೋದರೂ ದಿಮ್ಮಿ. ದಿಮ್ಮಿ ಎಳೆದರೆ ಗಾಡಿ ಸೈ, ಇಲ್ಲದಿದ್ದರೆ ಇಲ್ಲ. ಅಮ್ಮಾವ್ರ ತೂಕಕ್ಕೆ ಸರಿಹೋಗುವ ಒಂದು ಸಿಲ್ವರ್ ಓಕ್ ತುಂಡು ಆರಿಸಿ, ಕಬ್ಬಿಣದ ಮೊಳೆ ಹೊಡೆದು ಹಗ್ಗ ಬಿಗಿದು ಬೋಟಿನ ಹಿಂದೆ ಕಟ್ಟಿದೆವು. ಬೋಟು ಹೊರಟ ಕೂಡಲೇ ದಿಮ್ಮಿ ಮೂತಿ ಮುಳುಗಿಸಿ ನೀರನ್ನು ಉಳುತ್ತಾ ಬಂತು. ಮೀಟರಿನ ಮುಳ್ಳು ನಾಲ್ಕು ಸಾವಿರದ ಆಸುಪಾಸಿನಲ್ಲಿ ತಿಣುಕಿತು.

ಪಿಚ್ ಒಂದು ಇಂಚು ಇಳಿಸಿದರೆ ಸುತ್ತು ಇನ್ನೂರು ಮುನ್ನೂರು ಏರುತ್ತದೆ ಎಂಬುದು ಲೆಕ್ಕ. ದಿಮ್ಮಿಯ ಪ್ರಕಾರ ನೋಡಿದರೆ ಸಿಗುವ ಅತಿ ಸಣ್ಣ ಪಿಚ್ಚೇ ಬೇಕು. ಮಂಗಳೂರಿನಲ್ಲಿ ಹಳೆಯ ಬೋಟಿನ ಸಾಮಾನು ಮಾರುವವರೊಬ್ಬರಿಗೆ ಫೋನು ಹಚ್ಚಿದೆ. ಈ ಎಂಜಿನ್ನಿನ ದಂಡದ ಹಲ್ಲಿಗೆ ಕೂರುವ ಪ್ರೊಪೆಲ್ಲರಿನಲ್ಲಿ ಅವರ ಹತ್ತಿರ ಇದ್ದ ಅತಿ ಸಣ್ಣದು ಒಂಬತ್ತು. ಸಾಯಂಕಾಲದ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸಿ ಎಂದೆ. ಬಣಕಲ್ ಸ್ಟಾಪಿನಲ್ಲಿ ಬಸ್ಸಿಗೆ ಕಾದು ನಿಂತು ಆ ಪೊಟ್ಟಣ ಇಳಿಸಿಕೊಂಡು ಅಲ್ಲೇ ಬಿಚ್ಚಿ ನೋಡಿದೆ. ಹಳೆಯ ಪೇಪರಿನಲ್ಲಿ ಸುತ್ತಿದ್ದ ಮೂರು ರೆಕ್ಕೆಯ ಅಲ್ಯುಮಿನಿಯಮ್ಮು, ಮೀನಿನ ವಾಸನೆ ಬೇರೆ.

ಸ್ಪಾರ್ಕ್ ಪ್ಲಗ್ಗಿನ ವೈರು ಎಳೆದಿಟ್ಟು, ನಟ್ಟು ಕಳಚದಂತೆ ಅಡ್ಡ ತೂರಿಸಿದ್ದ ಕಾಟರ್ ಪಿನ್ ನೆಟ್ಟಗೆ ಮಾಡಿ ತೆಗೆದು, ನಟ್ಟು ಬಿಚ್ಚಿ, ಹದಿಮೂರನ್ನು ಇಳಿಸಿ, ದಂಡಕ್ಕೆ ಹೊಸ ಗ್ರೀಸು ಸವರಿ ಒಂಬತ್ತನ್ನು ಕೂರಿಸಿದೆ. ದಿಮ್ಮಿ ಕಟ್ಟಿ ಬಿಟ್ಟರೆ ಮುಳ್ಳು ಸರಸರ ಏರಿ ಐದು ಸಾವಿರದ ಹತ್ತಿರ ಹೋಯಿತು. ದಿಮ್ಮಿ ಬಾಲ ಅಲ್ಲಾಡಿಸುತ್ತಾ ಬೋಟಿನ ಹಿಂದೆ ಓಡಿತು. ಡ್ರೈವರ್ ನನ್ನ ಬೆನ್ನಿಗೆ ಹೊಡೆದ, ನಾನು ಅವನ ಬೆನ್ನಿಗೆ ಹೊಡೆದೆ. ದಡದಲ್ಲಿ ಕುರ್ಚಿ ಹಾಕಿ ಕೂತಿದ್ದ ಅಮ್ಮಾವ್ರು ಊರುಗೋಲು ಎತ್ತಿ ಆಡಿಸಿದರು.

"ಈಗ್ಲೇ ಇಳೀತೀನಿ," ಎಂದು ಎದ್ದೇಬಿಟ್ಟರು.

ಆಗ ದಿಮ್ಮಿಯ ಹಗ್ಗ ಬಿಚ್ಚಿ, ಬರೀ ಬೋಟನ್ನು ಒಂದು ಸುತ್ತು ಓಡಿಸಿ ತೋರಿಸೋಣ ಎಂದುಕೊಂಡೆವು, ಮೆರೆಯಬೇಕಲ್ಲ. ಅರ್ಧ ಕೆರೆ ದಾಟುವಷ್ಟರಲ್ಲಿ ಎಂಜಿನ್ನು ಕಿರುಚಿಕೊಂಡಿತು. ಮುಳ್ಳು ಐದು ಸಾವಿರದ ಎಂಟುನೂರು, ಇನ್ನೂ ಏರುತ್ತಿದೆ. "ಇಳಿಸು ಇಳಿಸು" ಎಂದು ಅವನ ಕೈಯನ್ನು ನಾನೇ ಹಿಂದಕ್ಕೆ ಎಳೆದೆ. ಅಷ್ಟು ಸುತ್ತಿನಲ್ಲಿ ಹಿಡಿದಿಟ್ಟರೆ ಮುದಿ ಎಂಜಿನ್ನಿನ ಪಿಸ್ಟನ್ನು ಸಿಡಿದು ಕೈಗೆ ಬರುತ್ತದೆ.

ಪ್ರೊಪೆಲ್ಲರಿನ ಒಳಗೆ ಒಂದು ರಬ್ಬರ್ ಬುಷ್ ಇರುತ್ತದೆ, ಅದು ಸವೆದು ಜಾರಿದರೂ ಹೀಗೇ ಆಗುತ್ತದೆ. ಅದೇ ಇರಬೇಕು ಎಂದು ಮಂಗಳೂರಿನವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ಕಾಫಿ ಚೀಲಕ್ಕೆ ಮಾರ್ಕು ಹಾಕುವ ಕರಿ ಪೇಂಟು ತರಿಸಿ, ಒಳಗಿನ ಬಳೆಯಿಂದ ಹೊರಗಿನ ಬುಡದವರೆಗೆ ಒಂದು ನೇರ ಗೆರೆ ಎಳೆದೆ. ಒಂದು ಸುತ್ತು ಓಡಿಸಿ ಬಂದು ನೋಡಿದರೆ ಗೆರೆ ಮುರಿಯದೆ ಹಾಗೇ ಇದೆ. ಬುಷ್ ಜಾರಿಲ್ಲ. ಬೈದದ್ದನ್ನು ವಾಪಸು ತೆಗೆದುಕೊಂಡೆ.

"ಅಮ್ಮಾವ್ರನ್ನ ಕಟ್ಟಿದ್ರೆ ಭಾರಕ್ಕೆ ಸುತ್ತು ಇಳೀತದೆ ಬಿಡು," ಎಂದ ಡ್ರೈವರ್. "ದಿಮ್ಮಿ ಕಟ್ಟಿದಾಗ ಸರಿ ಇತ್ತಲ್ಲ."

ಇದ್ದಿರಬಹುದು. ಆದರೆ ಆ ಬಿಳಿಚಿದ ಮುಖ ನನ್ನ ಕಣ್ಣಮುಂದೆ ಇತ್ತು. ಇನ್ನೊಂದು ಸಲ ಅವರನ್ನು ಇಳಿಸಿ, ಇನ್ನೊಂದು ಸಲ ಕೆಟ್ಟರೆ, ಮೂರನೆಯ ಸಲಕ್ಕೆ ಆ ಮಂಡಿ ಉಳಿಯುವುದಿಲ್ಲ. ಅಂದು ಶುಕ್ರವಾರ. ಮಧ್ಯಾಹ್ನ ಜುಮ್ಮಾ ನಮಾಜಿಗೆ ಹೋಗಿ ಬಂದವನು ಹಾಗೇ ದಡದಲ್ಲಿ ನಿಂತು ಒಂದು ನಿರ್ಧಾರ ಮಾಡಿದೆ.

"ಆ ಹಲಗೆ ಇತ್ಲಾಗ್ ಕೊಡಿ ಅಮ್ಮಾವ್ರೇ. ನಾನು ಹೋಗ್ತೀನಿ."

ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನ್ನನ್ನ ಎಳಿಯಕ್ಕೆ ಲಾರಿ ಎಂಜಿನ್ ಬೇಕು ಮಾರಾಯ."

ಹೇಮಾವತಿ ಹೊಳೆಯಲ್ಲಿ ಈಜು ಕಲಿತವನು ನಾನು, ನೀರಿನ ಭಯವಿಲ್ಲ. ಲೈಫ್ ಜಾಕೆಟ್ಟಿನ ಗುಂಡಿ ಮಾತ್ರ ಹೊಟ್ಟೆಯ ಮೇಲೆ ಕೂರಲಿಲ್ಲ, ಹಗ್ಗದಿಂದ ಬಿಗಿದುಕೊಂಡೆ. ಅಮ್ಮಾವ್ರು ದಡದಿಂದ ಪಾಠ ಹೇಳಿದರು. "ನೀವಾಗಿ ಏಳಕ್ಕೆ ಹೋಗ್ಬೇಡಿ ಸಾಬ್ರೇ. ಕೈ ನೇರ ಇರ್ಲಿ. ಬೋಟೇ ಎತ್ತತದೆ."

ಮೊದಲ ಸಲ ಮೂಗಿನ ತುಂಬಾ ಕೆರೆ ಕುಡಿದೆ. ಎರಡನೇ ಸಲ ಹಲಗೆ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಹೋಯಿತು. ಮೂರನೇ ಸಲ, ಯಾ ಅಲ್ಲಾ, ಎದ್ದುಬಿಟ್ಟೆ. ಬೋಟು ನನ್ನನ್ನು ಕಿತ್ತು ಮೇಲೆ ಎಸೆದಂತೆ ಆಯಿತು. ಕೈ ಕಿತ್ತುಹೋಗುವಂತಿದ್ದ ಎಳೆತ ಒಂದೇ ಕ್ಷಣದಲ್ಲಿ ಹಗುರವಾಯಿತು. ಕಾಲಡಿಯಲ್ಲಿ ನೀರು ಗಟ್ಟಿ, ನಾನು ಅದರ ಮೇಲೆ ನಿಂತಿದ್ದೇನೆ. ಐವತ್ತರ ಹತ್ತಿರದ, ಹೊಟ್ಟೆ ಬಂದ ಮೆಕ್ಯಾನಿಕ್ಕು. ಖುಷಿಗೆ ಕೂಗಿದೆ, ಏನು ಕೂಗಿದೆನೋ ಗೊತ್ತಿಲ್ಲ.

ಅಷ್ಟರಲ್ಲಿ ಎಂಜಿನ್ನು ಕಿರುಚಿತು. ಡ್ರೈವರ್ ಹೆದರಿ ಥ್ರಾಟಲ್ ಹಿಂದಕ್ಕೆ ಎಳೆದ. ಬೋಟಿಗೆ ವೇಗ ಸಾಲದೆ ನಾನು ನಿಂತ ಹಾಗೇ ಮೆಲ್ಲಗೆ ಮುಳುಗಿದೆ, ಮೊದಲು ಮಂಡಿ, ಆಮೇಲೆ ಸೊಂಟ, ಆಮೇಲೆ ಗಡ್ಡ.

ನೀರಲ್ಲಿ ತೇಲುತ್ತಾ ನಾನು ನಗಲು ಶುರುಮಾಡಿದೆ. ಉತ್ತರ ಸಿಕ್ಕಿಬಿಟ್ಟಿತ್ತು, ಅದೂ ನನ್ನ ತೋಳಿನಲ್ಲೇ. ಭಾರ ಇರುವುದು ಏಳುವ ತನಕ ಮಾತ್ರ, ಮನುಷ್ಯ ನೀರಿನ ಮೇಲೆ ಬಂದಮೇಲೆ ಹಗ್ಗಕ್ಕೆ ಭಾರವೇ ಇಲ್ಲ. ದಿಮ್ಮಿ ಎಂದಾದರೂ ಎದ್ದು ನಿಲ್ಲುತ್ತದೆಯೇ? ನಾವಿಬ್ಬರು ಗುಡ್ಡಗಾಡಿನ ಪಂಡಿತರು ಸೇರಿ, ಎಂದೂ ಎದ್ದು ನಿಲ್ಲದ ವಸ್ತುವನ್ನು ಕಟ್ಟಿ, ಎದ್ದು ನಿಲ್ಲುವವರಿಗೆ ಪಿಚ್ಚು ಆರಿಸಿದ್ದೆವು. ಒಂಬತ್ತು ಏಳಿಸಲು ಚೆನ್ನ, ಓಡಿಸಲು ಆಗದು. ಹದಿಮೂರು ಓಡಿಸಲು ಆಗಬಹುದು, ಏಳಿಸಲು ಆಗದು. ಹದಿಮೂರರಲ್ಲಿ ನಾಲ್ಕು ಸಾವಿರದ ಆರುನೂರು, ಒಂಬತ್ತರಲ್ಲಿ ಐದು ಸಾವಿರದ ಎಂಟುನೂರು. ನಡುವಿನದು ಬಂದು ಕೂರುವುದು ಸರಿಯಾಗಿ ಐದು ಸಾವಿರದ ಇನ್ನೂರಕ್ಕೆ. ಒದ್ದೆ ಬಟ್ಟೆಯಲ್ಲೇ ಮಂಗಳೂರಿಗೆ ಫೋನು ಹಚ್ಚಿದೆ.

"ಹನ್ನೊಂದು ಇದೆಯಾ?"

"ಉಂಟು. ಯಾಕೆ, ಒಂಬತ್ತು ಆಗ್ಲಿಲ್ವಾ? ನೀವು ತುಂಬಾ ಭಾರ ಎಳಿಲಿಕ್ಕೆ ಉಂಟು ಅಂತ ಹೇಳಿದ್ರಲ್ಲ."

ದಿಮ್ಮಿಯ ಕಥೆ ಹೇಳಿದೆ.

"ಎಂತ ಮಾರಾಯ್ರೆ," ಎಂದರು. "ಕೆರೆಯಲ್ಲಿ ಮರದ ವ್ಯಾಪಾರ ಮಾಡ್ತೀರಾ? ನಾಳೆ ಬಸ್ಸಿಗೆ ಹಾಕ್ತೇನೆ. ರೆಕ್ಕೆಯ ತುದಿ ಒಂದು ಕಡೆ ಸ್ವಲ್ಪ ಬಾಗಿದೆ, ನೋಡಿಕೊಳ್ಳಿ."

ಸ್ವಲ್ಪ ಎಂದರೆ ಅವರ ಲೆಕ್ಕದಲ್ಲಿ ಕಿರುಬೆರಳಿನ ಅಗಲ. ಶನಿವಾರ ಮಧ್ಯಾಹ್ನ ಪೊಟ್ಟಣ ಬಿಚ್ಚಿ ಬೆರಳಿಟ್ಟು ಅಳೆದು ನೋಡಿದೆ. ಹಾಗೇ ಹಾಕಿದರೆ ಎಂಜಿನ್ನು ನಡುಗಿ ದಂಡ ಕೆಡುತ್ತದೆ. ಅಂಗಡಿಗೆ ಒಯ್ದು, ಮರದ ತುಂಡಿನ ಮೇಲಿಟ್ಟು, ಮರದ ಕೊಡತಿಯಿಂದ ತಟ್ಟುತ್ತಾ ಕೂತೆ. ಅಲ್ಯುಮಿನಿಯಮ್ಮು ಒರಟಾಗಿ ಹೊಡೆದರೆ ಬಿರುಕು ಬಿಡುತ್ತದೆ. ರಟ್ಟಿನ ತುಂಡಿನಲ್ಲಿ ಸರಿಯಿರುವ ರೆಕ್ಕೆಯ ಅಚ್ಚು ಕತ್ತರಿಸಿ, ಬಾಗಿದ ರೆಕ್ಕೆಗೆ ಹಿಡಿದು ನೋಡುವುದು, ತಟ್ಟುವುದು, ಮತ್ತೆ ಹಿಡಿಯುವುದು. ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ ಸೋಮವಾರ ಬನ್ನಿ ಎಂದು ಅಟ್ಟಿದೆ. ಕೊನೆಗೆ ಒಂದು ಕಬ್ಬಿಣದ ಸಲಾಕೆಗೆ ತೂರಿಸಿ ತಿರುಗಿಸಿದಾಗ ಯಾವ ರೆಕ್ಕೆಯೂ ಭಾರಕ್ಕೆ ಕೆಳಗೆ ಜಗ್ಗದೆ ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು. ಕೆಲಸ ಕೈಗೆ ಹತ್ತಿತು ಎಂದು ಆಗ ಉಸಿರು ಬಿಟ್ಟೆ.

ಭಾನುವಾರ ಬೆಳಿಗ್ಗೆ ಕೆರೆಯ ಮೇಲೆ ಗಾಳಿಯೇ ಇರಲಿಲ್ಲ. ಹನ್ನೊಂದನ್ನು ಕೂರಿಸಿ ಮೊದಲು ನಾವಿಬ್ಬರೇ ಓಡಿಸಿದೆವು. ಐದು ಸಾವಿರದ ಇನ್ನೂರು. ಮುಳ್ಳು ಅಲ್ಲಿ ನಿಂತದ್ದು ನೋಡಿ ನನಗೆ ಕಣ್ಣು ಒದ್ದೆಯಾಯಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಆಮೇಲೆ ಹಗ್ಗದ ತುದಿಗೆ ನಾನೇ ಒಮ್ಮೆ ಇಳಿದೆ. ಮೊದಲ ಎಳೆತಕ್ಕೇ ಎದ್ದೆ, ಎಂಜಿನ್ನು ಕಿರುಚಲಿಲ್ಲ, ನಾನು ಮುಳುಗಲಿಲ್ಲ.

ಅಮ್ಮಾವ್ರು ಊರುಗೋಲನ್ನು ಕುರ್ಚಿಗೆ ಒರಗಿಸಿ, ಮಂಡಿಯ ಪಟ್ಟಿ ಇನ್ನಷ್ಟು ಬಿಗಿದು ನೀರಿಗೆ ಇಳಿದರು. ನಾನು ಬೋಟಿನಲ್ಲಿ ಹಿಂದಕ್ಕೆ ಮುಖಮಾಡಿ ಕೂತೆ.

"ನಿಧಾನ ಹೊರಟು, ಹಗ್ಗ ಬಿಗಿಯಾದ ಕೂಡ್ಲೇ ಪೂರ್ತಿ ಕೊಡು," ಎಂದೆ ಡ್ರೈವರಿಗೆ. "ಮಧ್ಯದಲ್ಲಿ ಕೈ ತೆಗೀಬೇಡ."

"ಗೊತ್ತು ಸುಮ್ನಿರು ಮಾರಾಯ," ಎಂದ.

ಹಗ್ಗ ಬಿಗಿಯಾಯಿತು. ಬೋಟಿನ ಮೂತಿ ಎದ್ದು ಕೂಡಲೇ ಕೆಳಗಿಳಿಯಿತು. ಅಮ್ಮಾವ್ರ ತಲೆ, ಹೆಗಲು, ಸೊಂಟ ನೀರಿನಿಂದ ಹೊರಗೆ ಬಂದವು. ಮುಖ ಹಿಂಡಿದ್ದು ಒಂದೇ ಗಳಿಗೆ, ಅಷ್ಟರಲ್ಲಿ ನಿಂತಿದ್ದರು. ಬೆನ್ನು ನೇರ, ಕೈ ನೇರ, ಹಲಗೆಗಳ ಹಿಂದೆ ಬಿಳಿ ನೀರು. ಕಟ್ಟೆಯ ಹತ್ತಿರ ತಿರುಗಿಸುವಾಗ ಅವರು ಬೋಟಿನ ಅಲೆಯನ್ನು ದಾಟಿ ಹೊರಕ್ಕೆ ಜಾರಿದರು, ಮತ್ತೆ ಒಳಕ್ಕೆ ಬಂದರು. ನಡೆಯಲು ಊರುಗೋಲು ಬೇಕಾಗಿದ್ದವರು. ಮೀಟರ್ ನೋಡಬೇಕಾದ ನಾನು ಅದನ್ನು ನೋಡಲೇ ಇಲ್ಲ. ಡ್ರೈವರ್ ತಿರುಗಿ ನೋಡಲಾಗದೆ "ಎದ್ರಾ? ಎದ್ರಾ?" ಎಂದು ಕೇಳುತ್ತಲೇ ಇದ್ದ. ಅವನ ಭುಜ ಹಿಡಿದು ಅಲುಗಾಡಿಸಿದೆ.

ಎರಡು ಸುತ್ತು ಮುಗಿದ ಮೇಲೆ ಕೈಬಿಟ್ಟು ಮೆಲ್ಲಗೆ ನೀರಲ್ಲಿ ಕೂತರು. ಬೋಟು ತಿರುಗಿಸಿ ಹತ್ತಿರ ಹೋಗಿ, ಎತ್ತಿಕೊಳ್ಳಲು ಕೈ ಚಾಚಿದೆ. ಅವರು ಕೈ ಕೊಡಲಿಲ್ಲ. ಮುಖದ ಮೇಲಿನ ನೀರು ಒರೆಸಿಕೊಂಡು, ಹಾಗೇ ತೇಲುತ್ತಾ ಕೆರೆಯನ್ನು ಈ ಕಡೆಯಿಂದ ಆ ಕಡೆಗೆ ಒಮ್ಮೆ ನೋಡಿದರು.

"ಮಂಡಿ?" ಎಂದೆ.

"ನೋವಿದೆ. ಇರ್ಲಿ." ಹಲಗೆಗಳನ್ನು ಮತ್ತೆ ನೇರ ಮಾಡಿಕೊಂಡರು. "ನಾಳೆಯಿಂದ ಈ ನೀರು ಗಿಡಕ್ಕೆ ಸಾಬ್ರೇ. ಇವತ್ತು ನಂದು. ಹಗ್ಗ ಕೊಡಿ."

ನಾನು ಹಗ್ಗ ಎಸೆದೆ.